ಏಳನೇ ಮೇಜಿನ ಅಲ್ಪವಿರಾಮ

ಮೆಹರುನ್ನಿಸಾ ನದಾಫಳ ಕಂಪ್ಯೂಟರಿನಲ್ಲಿ ಮಾತ್ರ ಅಂಕಿಗಳು ತಪ್ಪಾಗಿ ಕಾಣುತ್ತಿದ್ದವು.

ಶಿರಗೋಡದ ಜಿಲ್ಲಾ ಸಕ್ಕರೆ ಕಾಯಿಲೆ ಕೇಂದ್ರದ ಉದ್ದನೆಯ ಹಾಲಿನಲ್ಲಿ ಸಾಲಾಗಿ ಹನ್ನೆರಡು ಮೇಜುಗಳಿದ್ದವು. ಬೇರೆಲ್ಲ ಪರದೆಗಳ ಮೇಲೆ 12.5 ಎಂದು ಕಾಣುವ ಅಂಕಿ ಏಳನೇ ಮೇಜಿನಲ್ಲಿ 12,5 ಎಂದು ಕಾಣುತ್ತಿತ್ತು. ಚುಕ್ಕೆ ಇರಬೇಕಾದ ಕಡೆಯಲ್ಲೆಲ್ಲ ಅಲ್ಪವಿರಾಮ. ಮೆಹರ್ ಕಣ್ಣುಜ್ಜಿಕೊಂಡಳು, ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದಳು. ಏನೂ ಬದಲಾಗಲಿಲ್ಲ. ಕಡೆಗೆ ಕೇಂದ್ರದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಪರಿಮಳಾ ಕುಂದರಗಿಗೆ ಫೋನ್ ಮಾಡಿದಳು.

"ಮೇಡಂ, ನನ್ನ ಮೇಜಿನ ಮ್ಯಾಲೆ ಅಂಕಿ ಎಲ್ಲಾ ಒಂಥರಾ ಕಾಣಾಕತ್ತಾವ್ರಿ. ಚುಕ್ಕಿ ಇಲ್ಲ, ಬರೇ ಕಾಮಾ."

ಪರಿಮಳಾ ಆಗ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಸುಟ್ಟುಹೋದ ಕೇಬಲ್ ಒಂದನ್ನು ಎಳೆಯುತ್ತ ಕೂತಿದ್ದಳು. "ಬಾಜೂ ಮೇಜಿನ್ಯಾಗ ನೋಡಿದೇನು? ಅಲ್ಲೆ ಹೆಂಗ ಕಾಣ್ತಾವ?"

"ಅಲ್ಲೆ ಸರಿ ಅದಾವ್ರಿ."

"ಹಂಗಾದ್ರ ಒಳಗ ಎಲ್ಲಾ ಸರಿನ ಐತಿ. ನಿನ್ನ ಮಷೀನ್ ತೋರಸೋದಷ್ಟ ತಪ್ಪೈತಿ. ಇಲ್ಲಿದು ಮುಗಿಸಿ ಬರ್ತೀನಿ, ನೀ ಕೆಲಸ ನಡಸು. ಏನೂ ಆಗಂಗಿಲ್ಲ."

ಮೆಹರ್ ಕೆಲಸ ನಡೆಸಿದಳು.

ಆ ಕೆಲಸ ಏನೆಂದು ಹೇಳಬೇಕು. ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆಯವರು ಸೂಜಿ ಚುಚ್ಚಿಕೊಳ್ಳುವುದನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ಹೊಟ್ಟೆಯ ಚರ್ಮದಡಿ ಬಟಾಣಿಯಷ್ಟು ದೊಡ್ಡ ಸಾಧನವೊಂದನ್ನು ಹೂತಿಡುತ್ತಿದ್ದರು. ಕಾಗದಪತ್ರದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು; ಜನ ಕರೆದದ್ದು 'ಕಾಳು' ಎಂದು. ಆ ಕಾಳಿನಲ್ಲಿ ಆರು ತಿಂಗಳಿಗಾಗುವಷ್ಟು ಗಟ್ಟಿ ಇನ್ಸುಲಿನ್ ತುಂಬಿರುತ್ತಿತ್ತು. ಮನುಷ್ಯ ಉಂಡು ರಕ್ತದಲ್ಲಿ ಸಕ್ಕರೆ ಏರತೊಡಗಿದ್ದೇ ತಡ, ಕಾಳಿನ ಬಾಯಿ ಒಮ್ಮೆ ತೆರೆದು, ಅಳತೆಯಷ್ಟು ಔಷಧಿ ಹೊರಬಿದ್ದು, ಮುಂದಿನ ಕೆಲವು ತಾಸು ಮುಚ್ಚಿಕೊಳ್ಳುತ್ತಿತ್ತು. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು ಹೋಳಿಗೆ ಬೇಡವೆಂದು ಕೈ ಅಡ್ಡ ಹಿಡಿಯುತ್ತಿದ್ದವರು ಈಗ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಎಷ್ಟು ಅಳತೆ ಎಂಬುದನ್ನು ಮಾತ್ರ ಕೇಂದ್ರವೇ ಹೇಳಬೇಕಿತ್ತು. ಹೆಚ್ಚಿನವರ ಲೆಕ್ಕ ತಾನೇ ಆಗುತ್ತಿತ್ತು. ಮಕ್ಕಳು, ಮುದುಕರು, ಜ್ವರ ಬಂದವರು, ಹೀಗೆ ದಿನಕ್ಕೆ ಕೆಲವರ ಅಳತೆಯನ್ನು ಡಾಕ್ಟರ ಸೂಚನೆ ನೋಡಿ ಕೈಯಿಂದ ತಿದ್ದಬೇಕಾಗುತ್ತಿತ್ತು. ಹನ್ನೆರಡು ಮೇಜುಗಳಲ್ಲಿ ನಡೆಯುತ್ತಿದ್ದುದು ಅದೇ. ಒಂದೊಂದು ಮೇಜಿಗೆ ಒಂದೊಂದು ಭಾಗದ ಜನ. ಕಾಳಿನೊಳಗಿನ ಬ್ಯಾಟರಿ ಸಾಸಿವೆಯಷ್ಟಿದ್ದುದರಿಂದ ಅದು ದಿನಕ್ಕೆ ಒಂದೇ ಸಲ, ನಡುಮಧ್ಯಾಹ್ನ, ಕೇಂದ್ರದ ಮಾತಿಗೆ ಕಿವಿಗೊಡುತ್ತಿತ್ತು. ಆಮೇಲೆ ಮರುದಿನದವರೆಗೆ ಏನು ಹೇಳಿದರೂ ಅದಕ್ಕೆ ಕೇಳಿಸುತ್ತಿರಲಿಲ್ಲ.

ಆ ಬೆಳಿಗ್ಗೆ ಮೆಹರಳ ಪಾಲಿಗೆ ಬಂದ ಹೆಸರುಗಳಲ್ಲಿ ಚಂಪಾ ಬಣಗಾರ ಎಂಬ ಒಂಬತ್ತು ವರ್ಷದ ಹುಡುಗಿಯದೂ ಇತ್ತು. ಹೋದ ವಾರ ಎರಡು ಸಲ ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಕೈಕಾಲು ನಡುಗಿ ಬೆವರು ಬಂದಿತ್ತು. ಔಷಧಿ ತುಸು ಹೆಚ್ಚಾಗುತ್ತಿದೆ, ಎರಡು ಯೂನಿಟ್ ಇದ್ದದ್ದನ್ನು 1.5ಕ್ಕೆ ಇಳಿಸಿ ಎಂದು ಮಕ್ಕಳ ಡಾಕ್ಟರು ಬರೆದಿದ್ದರು. ಮೆಹರ್ 1.5 ಎಂದು ಒತ್ತಿ ಕಳಿಸಿದಳು. ಪಟ್ಟಿಯಲ್ಲಿ ಅದು 15,0 ಎಂದು ಬಂದು ಕೂತಿತು. ಬೆಳಗಿನಿಂದ ಎಲ್ಲವೂ ಹಾಗೇ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತಲ್ಲ, ಇದೂ ಅದೇ ರೋಗ ಎಂದುಕೊಂಡು ಅವಳು ಮುಂದಿನ ಹೆಸರಿಗೆ ಹೋದಳು.

ಹನ್ನೆರಡರ ಹೊತ್ತಿಗೆ ನೇಕಾರ ಓಣಿಯ ಮನೆಯಲ್ಲಿ ಚಂಪಾ ಶಾಲೆಯಿಂದ ಬಂದು ಚೀಲ ಒಗೆದಿದ್ದಳು. ಶನಿವಾರ, ಅರ್ಧ ದಿನದ ಶಾಲೆ. ತಾಯಿ ಕಸ್ತೂರಿ ಸೀರೆಗಳ ಗಂಟು ಕಟ್ಟಿಕೊಂಡು ಪಕ್ಕದ ಊರಿನ ಅಂಗಡಿಗೆ ಹೋಗಿದ್ದಳು. ಮುಂದಿನ ಕೋಣೆಯಲ್ಲಿ ಅಜ್ಜಿ ನೀಲವ್ವ ಎರಡು ವಿದ್ಯುತ್ ಮಗ್ಗಗಳ ನಡುವೆ ನಿಂತು ಕಡಿದ ಎಳೆಗಳನ್ನು ಜೋಡಿಸುತ್ತಿದ್ದಳು. ಮಗ್ಗಗಳ ಸದ್ದಿಗೆ ಗೋಡೆಯ ಮೇಲಿನ ಫೋಟೋಗಳೂ ಅದುರುತ್ತಿದ್ದವು.

"ಅಜ್ಜೀ, ಹಸಿವಾಗೇತಿ!" ಚಂಪಾ ಅವಳ ಕಿವಿಗೆ ಬಾಯಿಟ್ಟು ಕೂಗಿದಳು.

"ಇದೊಂದು ನೂಲಿನ ಲಡಿ ಮುಗೀಲಿ ತಡಿಯವ್ವ, ಇಬ್ಬರೂ ಕೂಡೇ ಉಣ್ಣೋಣು."

ಪರಿಮಳಾ ಏಳನೇ ಮೇಜಿಗೆ ಬಂದಾಗ ಹನ್ನೆರಡು ದಾಟಿತ್ತು. ಮೆಹರಳ ಕುರ್ಚಿಯಲ್ಲಿ ಕೂತು ಯಂತ್ರದ ಹೊಂದಾಣಿಕೆಗಳನ್ನು ಒಂದೊಂದಾಗಿ ತೆರೆದಳು. ಕಾರಣ ಸಿಕ್ಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಾಧನ ಮಾರಿದ ಕಂಪನಿಯ ಎಂಜಿನಿಯರನೊಬ್ಬ ಹಿಂದಿನ ಸಂಜೆ ತನ್ನ ದೇಶದಲ್ಲೇ ಕೂತು ಈ ಒಂದು ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಿ ಪರೀಕ್ಷೆ ಮಾಡಿದ್ದ. ತಂತ್ರಾಂಶದ ಜೊತೆಗೆ ಅವನ ದೇಶದ ಅಂಕಿ ಬರೆಯುವ ರೀತಿಯೂ ಬಂದು ಸೇರಿಕೊಂಡಿತ್ತು.

"ಅವರ ಕಡೆ ದಶಮಾಂಶಕ್ಕ ಕಾಮಾ ಹಾಕ್ತಾರ. ನಾವು ಸಾವಿರ, ಲಕ್ಷಕ್ಕ ಕಾಮಾ ಹಾಕ್ತೀವಲ್ಲ, ಅಲ್ಲೆ ಅವರು ಚುಕ್ಕಿ ಇಡ್ತಾರ. ಪೂರಾ ಉಲ್ಟಾ," ಎಂದಳು ಪರಿಮಳಾ. ದೇಶದ ಹೆಸರನ್ನು ಭಾರತ ಎಂದು ಬದಲಿಸಿದಳು. ಪರದೆ ಒಮ್ಮೆ ಮಿನುಗಿತು. ಅಲ್ಪವಿರಾಮಗಳೆಲ್ಲ ಚುಕ್ಕೆಗಳಾದವು.

"ಆತು ನೋಡು. ಇಷ್ಟಕ್ಕ ಮುಂಜಾನಿಂದ ಮಾರಿ ಸಣ್ಣ ಮಾಡ್ಕೊಂಡು ಕೂತಿದ್ದಿ. ಚಾ ಕುಡಸು ಈಗ."

ಮೆಹರ್ ನಗಲಿಲ್ಲ. ಬಾಗಿ ಪರದೆಯನ್ನೇ ನೋಡುತ್ತಿದ್ದಳು.

"ಮೇಡಂ, ಇನ್ನೂ ಸರಿ ಆಗಿಲ್ರಿ. ಈ ಹುಡುಗಿಗೆ ನಾ ಒಂದು ಪಾಯಿಂಟ್ ಐದು ಹಾಕೀನಿ. ಹದಿನೈದು ತೋರಸಾಕತ್ತೈತಿ."

"ಹಳೇದು ಉಳದಿರಬೇಕು," ಎನ್ನುತ್ತ ಪರಿಮಳಾ ಎದ್ದು ಎಂಟನೇ ಮೇಜಿಗೆ ಹೋಗಿ ಅಲ್ಲಿ ಚಂಪಾ ಬಣಗಾರಳ ಹೆಸರನ್ನು ತೆಗೆಸಿದಳು. ಅಲ್ಲಿಯೂ 15.0 ಎಂದೇ ಇತ್ತು.

ಅವಳು ಹಿಂದಿರುಗಿ ಬಂದಳು. ಯಂತ್ರವನ್ನು ಮತ್ತೆ ಬೆಳಗಿದ್ದ ಅಲ್ಪವಿರಾಮದ ರೀತಿಗೆ ತಿರುಗಿಸಿದಳು, ಪರೀಕ್ಷೆಗೆಂದು ಇಟ್ಟಿದ್ದ ಸುಳ್ಳು ಹೆಸರೊಂದನ್ನು ತೆರೆದು 1.5 ಎಂದು ಒತ್ತಿದಳು. 15,0 ಎಂದು ಬಂತು. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ.

ಯಂತ್ರ ತೋರಿಸುವುದರಲ್ಲಿ ಮಾತ್ರ ತಪ್ಪಿರಲಿಲ್ಲ, ಓದಿಕೊಳ್ಳುವುದರಲ್ಲೂ ತಪ್ಪಿತ್ತು. ಅದರ ಈಗಿನ ಲೆಕ್ಕದಲ್ಲಿ ಚುಕ್ಕೆ ಎಂದರೆ ಸಾವಿರವನ್ನು ಬೇರ್ಪಡಿಸುವ ಗುರುತು. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದ ಮೆಹರ್ ಒತ್ತಿದ ಚುಕ್ಕೆಯನ್ನೆಲ್ಲ ಅದು ಬಿಸಾಕಿ, ಉಳಿದ ಅಂಕಿಯನ್ನು ಕಳಿಸಿತ್ತು. ಪ್ರತಿಯೊಂದೂ ಹತ್ತು ಪಟ್ಟು.

"ಮಿತಿ ಐತಲ್ಲ?" ಎಂದು ಕೇಳಿದಳು ಪರಿಮಳಾ. "ಮೂವತ್ತು ಯೂನಿಟ್ ಮ್ಯಾಲೆ ಹೋದ್ರ ಅದು ತಗೊಳ್ಳಂಗಿಲ್ಲ."

"ಹೌದ್ರಿ. ನಾಕು ಪಾಯಿಂಟ್ ಐದು, ಆರು ಪಾಯಿಂಟ್ ಎರಡು ಇದ್ದವು ಮಿತಿ ಮೀರೇತಿ ಅಂತ ವಾಪಸ್ ಬಂದ್ವು. ಮಷೀನ್ ಕೆಟ್ಟೈತಿ ಅಂತ ಅವನ್ನ ಎಂಟನೇ ಮೇಜಿನವರ ಕಡೆ ಹಾಕಿಸಿದೆ." ಮೆಹರ್ ಅರ್ಧಕ್ಕೆ ನಿಂತಳು. ತಾನು ಹೇಳುತ್ತಿದ್ದುದರ ಅರ್ಥ ಅವಳಿಗೆ ಆಗ ಹೊಳೆಯಿತು. "ಮೂರಕ್ಕಿಂತ ಸಣ್ಣವಷ್ಟ ಹೋಗ್ಯಾವ್ರಿ. ಸಣ್ಣ ಹುಡುಗರವು. ಸೊರಗಿದ ಮುದುಕರವು."

ಪರಿಮಳಾ ಗೋಡೆಯ ಗಡಿಯಾರ ನೋಡಿದಳು. ಕಾಳುಗಳು ಕೇಳಿಸಿಕೊಂಡು ಕಿವಿ ಮುಚ್ಚಿಯಾಗಿತ್ತು. ಊರಿನಲ್ಲಿ ಊಟದ ಹೊತ್ತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಜಯತೀರ್ಥ ಕಟ್ಟಿ ತಮ್ಮ ಕೋಣೆಯಲ್ಲಿ ಊಟದ ಡಬ್ಬಿ ತೆರೆದು ಕೂತಿದ್ದರು. ಪರಿಮಳಾ ಹೇಳಿದ್ದನ್ನು ಕೇಳಿ ಅವರು ಮೊದಲು ನಂಬಲಿಲ್ಲ.

"ಅಲ್ರೀ, ಒಂದು ಅಂಕಿ ತಪ್ಪು ಕಾಣೂದಕ್ಕ ಇಷ್ಟೆಲ್ಲಾ..."

"ಕಾಣೂದಲ್ಲ ಸರ್, ಹೋಗೇ ಬಿಟ್ಟೈತಿ. ಏಳು ಜನಕ್ಕ."

ಡಾಕ್ಟರರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಎದ್ದರು. "ಈಗ ನಾವು ಇಲ್ಲಿಂದ ಏನು ಕಳಿಸಿದ್ರೂ ಕಾಳಿಗೆ ಕೇಳೂದಿಲ್ಲ. ಊಟ ಮಾಡದಿದ್ರ ಅದು ಬಾಯಿ ತೆಗಿಯೂದಿಲ್ಲ. ಅಷ್ಟೇ ನಮ್ಮ ಕೈಯಾಗ ಇರೂದು." ಹಾಲಿಗೆ ಬಂದು ಜೋರಾಗಿ ಹೇಳಿದರು: "ಎಲ್ಲಾರೂ ಕೈಯಾಗಿನ ಕೆಲಸ ಬಿಡ್ರಿ. ಈ ಏಳು ಮಂದಿಗೆ ಫೋನ್ ಹಚ್ರಿ. ಉಂಡಿಲ್ಲಂದ್ರ ಒಂದು ತುತ್ತೂ ಮುಟ್ಟಬಾರದು ಅಂತ ಹೇಳ್ರಿ. ಉಂಡಿದ್ರ ಸಕ್ಕರಿ ನೀರು ಕುಡಸ್ರಿ, ಎಷ್ಟಾದ್ರೂ ಕುಡಸ್ರಿ, ಆಂಬುಲೆನ್ಸ್ ಬರೂತನಕ ಬಿಡಬ್ಯಾಡ್ರಿ."

ಹಾಲಿನಲ್ಲಿ ಒಮ್ಮೆಗೇ ಧ್ವನಿಗಳೆದ್ದವು. ಇಬ್ಬರು ಮುದುಕಿಯರು ಇನ್ನೂ ಉಂಡಿರಲಿಲ್ಲ. ಒಬ್ಬಳು ಶನಿವಾರದ ಒಪ್ಪತ್ತಿನಲ್ಲಿದ್ದಳು. ಸಂಜೆಯೂ ಉಣ್ಣಬೇಡ ಎಂದಿದ್ದಕ್ಕೆ ಕಾರಣ ಕೇಳುತ್ತ ಫೋನ್ ಇಡಲೊಲ್ಲಳು. ಮೂವರು ಮಕ್ಕಳ ತಾಯಂದಿರು ತಟ್ಟೆಯನ್ನು ಮುಂದಿನಿಂದ ಕಸಿದುಕೊಂಡೆವು ಎಂದರು. ಯಮನಪ್ಪ ಎಂಬ ದರ್ಜಿ ಆಗಷ್ಟೇ ಕೈತೊಳೆದಿದ್ದ. ಅವನ ಸೊಸೆ ಫೋನನ್ನು ಕಿವಿಗಿಟ್ಟುಕೊಂಡೇ ಬೆಲ್ಲ ಕುಟ್ಟುವ ಸದ್ದು ಎಲ್ಲರಿಗೂ ಕೇಳಿಸಿತು.

ಉಳಿದವಳು ಚಂಪಾ. ತಾಯಿಯ ಫೋನು ಸಂಪರ್ಕದ ಹೊರಗಿತ್ತು. ಅಜ್ಜಿಯ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ನಾಲ್ಕನೆಯ ಸಲವೂ ಯಾರೂ ಎತ್ತದಿದ್ದಾಗ ಮೆಹರ್ ಹೇಳಿದಳು, "ಮಗ್ಗದ ಮನಿರಿ ಅದು. ಕೇಳಸಂಗಿಲ್ಲ. ಕಾಳು ಹಾಕಿಸೋ ಮುಂದ ನಾನ ಹೋಗಿ ಹೆಸರು, ವಿಳಾಸ ಬರಸ್ಕೊಂಡು ಬಂದೀನಿ, ಮನಿ ಗೊತ್ತೈತಿ."

"ಆಂಬುಲೆನ್ಸ್ ಅಲ್ಲೇ ಕಳಸ್ತೀನಿ, ನೀವು ಮುಂದ ನಡೀರಿ," ಎಂದರು ಡಾಕ್ಟರು. ಅಷ್ಟರಲ್ಲಿ ಪರಿಮಳಾ ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡಾಗಿತ್ತು.

ಶನಿವಾರದ ಸಂತೆಯಿಂದಾಗಿ ರಸ್ತೆ ತುಂಬಿತ್ತು. ಪರಿಮಳಾ ಬಂಡಿಗಳ ನಡುವೆ ತೂರಿ, ಒಂದು ಕಡೆ ಕಾಲುದಾರಿ ಹತ್ತಿಸಿ ಬಯ್ಗುಳ ತಿಂದು, ಹಾರ್ನ್ ಮೇಲಿನ ಹೆಬ್ಬೆರಳು ತೆಗೆಯದೆ ಓಡಿಸಿದಳು. ಹಿಂದೆ ಕೂತ ಮೆಹರ್ ಒಂದೇ ಸಮನೆ ಫೋನ್ ಹಚ್ಚುತ್ತಿದ್ದಳು. ನಡುವೆ ಒಮ್ಮೆ, ಪರಿಮಳಾಳ ಬೆನ್ನಿಗೆ ಹೇಳಿದಂತೆ, "ಹದಿನೈದು ಅಂತ ನಾ ನೋಡಿದ್ದೆನ್ರಿ. ನೋಡಿನೂ ಬಿಟ್ಟೆ," ಎಂದಳು.

'ಏನೂ ಆಗಂಗಿಲ್ಲ' ಎಂದ ತನ್ನ ದನಿಯೇ ಪರಿಮಳಾಳ ತಲೆಯಲ್ಲಿ ಸುತ್ತುತ್ತಿತ್ತು. ಬಂದು ನೋಡದೆ, ಕೇಬಲ್ ಕೈಯಲ್ಲಿ ಹಿಡಿದುಕೊಂಡೇ ಹೇಳಿದ ಮಾತು ಅದು.

ನೇಕಾರ ಓಣಿಯ ಮನೆಯಲ್ಲಿ ಮಗ್ಗಗಳು ನಡೆಯುತ್ತಲೇ ಇದ್ದವು. ಬಾಗಿಲಲ್ಲಿ ನಿಂತು ಕೂಗಿದರೆ ಪ್ರಯೋಜನವಿಲ್ಲವೆಂದು ಮೆಹರ್ ನೇರ ಒಳಗೆ ಹೋಗಿ ನೀಲವ್ವನ ತೋಳು ಹಿಡಿದಳು. ನೀಲವ್ವ ಬೆಚ್ಚಿ ಮಗ್ಗ ನಿಲ್ಲಿಸಿದಳು.

"ಅಜ್ಜೀ, ಚಂಪಾ ಉಂಡಾಳೇನು?"

"ಉಂಡಾಳ. ಯಾಕವ್ವಾ, ನೀವು ಯಾರು? ಹಾಂ, ಕಾಳಿನ ಕಚೇರಿಯಾಕಿ ಅಲ್ಲಾ ನೀನು?"

"ಎಷ್ಟೊತ್ತಾತು ಉಂಡು?"

"ಆಗಳೇ ಉಂಡ್ಲು. ನಿದ್ದಿ ಬಂದೇತಿ ಅಂತ ಒಳಗ ಮಕ್ಕೊಂಡಾಳ."

ಒಳಕೋಣೆಯಲ್ಲಿ ಚಂಪಾ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಕೂದಲು ಬೆವರಿನಿಂದ ಹಣೆಗೆ ಅಂಟಿಕೊಂಡಿತ್ತು. ಪರಿಮಳಾ ಕೆನ್ನೆ ಮುಟ್ಟಿದಳು, ನೆಲದಷ್ಟು ತಣ್ಣಗಿತ್ತು. ಅಲುಗಾಡಿಸಿ ಹೆಸರು ಹಿಡಿದು ಕರೆದರೆ ಹುಡುಗಿ ಕಣ್ಣು ಅರ್ಧ ತೆರೆದು, ಅರ್ಥವಾಗದ ಏನನ್ನೋ ತೊದಲಿ ಮತ್ತೆ ಮುಚ್ಚಿದಳು.

"ಸಕ್ಕರಿ ಎಲ್ಲೈತಿ? ಲಗೂನ ಸಕ್ಕರಿ ತಗೊಂಬರ್ರಿ!"

ನೀಲವ್ವ ಕದಲಲಿಲ್ಲ. "ಸಕ್ಕರಿ? ಸಕ್ಕರಿ ಬ್ಯಾನಿ ಹುಡುಗಿಗೆ ಸಕ್ಕರಿ ತಿನಸ್ತೀರೇನು? ನನ್ನ ಮನ್ಯಾಗ ಸಕ್ಕರಿ ಇಲ್ಲ. ಈಕಿಗೆ ಬ್ಯಾನಿ ಬಂದಾಗಿಂದ ಹರಳು ಸಕ್ಕರಿ, ಚೂರು ಬೆಲ್ಲ ಒಳಗ ತಂದಿಲ್ಲ ನಾನು. ಕಾಳು ಹಾಕಿದ ಮ್ಯಾಲೂ ತಂದಿಲ್ಲ."

ಮೆಹರ್ ಆಗಲೇ ಹೊರಗೆ ಓಡಿದ್ದಳು. ಓಣಿಯ ಮೂಲೆಯಲ್ಲಿ ಚಾದಂಗಡಿ ಇದ್ದದ್ದು ಅವಳಿಗೆ ಬರುವಾಗಲೇ ಕಂಡಿತ್ತು.

ಪರಿಮಳಾ ಹುಡುಗಿಯನ್ನು ಎತ್ತಿ ತೊಡೆಯ ಮೇಲೆ ಒರಗಿಸಿಕೊಳ್ಳಲು ಹೋದಾಗ ನೀಲವ್ವ ಅಡ್ಡ ಬಂದಳು. "ಮುಟ್ಟಬ್ಯಾಡ. ಡಾಕ್ಟರ್ ಬರ್ಲಿ."

"ಅಜ್ಜಿ, ಕೇಳ್ರಿ. ಈಕಿ ಕಾಳಿಗೆ ತಪ್ಪು ಅಳತಿ ಹೋಗೇತಿ. ಹತ್ತು ಪಟ್ಟು ಔಷಧ ಮೈಯಾಗ ಬಿದ್ದೈತಿ. ರಕ್ತದಾಗಿನ ಸಕ್ಕರಿ ಎಲ್ಲಾ ಅದು ತಿಂದು ಹಾಕಾಕತ್ತೈತಿ. ಈಗ ಸಕ್ಕರಿ ಕೊಡಲಿಲ್ಲಂದ್ರ ಹುಡುಗಿ ಉಳಿಯಂಗಿಲ್ಲ."

"ಯಾರು ಕಳಿಸಿದ್ರು ತಪ್ಪು?"

ಬಾಗಿಲಲ್ಲಿ ಮೆಹರ್ ನಿಂತಿದ್ದಳು, ಏದುಸಿರು ಬಿಡುತ್ತ, ಎರಡೂ ಕೈಯಲ್ಲಿ ಚಾದಂಗಡಿಯ ಸಕ್ಕರೆ ಡಬ್ಬಿ ಹಿಡಿದು. "ನಾನ ಅಜ್ಜಿ," ಎಂದಳು.

"ತಪ್ಪು ಕಂಡೇತಿ ಅಂತ ಆಕಿ ಮುಂಜಾನೆನ ಹೇಳಿದ್ಲು," ಎಂದಳು ಪರಿಮಳಾ. "ಏನೂ ಆಗಂಗಿಲ್ಲ, ಕೆಲಸ ನಡಸು ಅಂದಾಕಿ ನಾನು."

ನೀಲವ್ವ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಮೊಮ್ಮಗಳ ಮುಖ ನೋಡಿದಳು. ಹುಡುಗಿಯ ಬಲಗೈ ಒಂದು ಸಲ ಸೆಟೆದು ಅದುರಿತು. ಅಷ್ಟೇ ಸಾಕಾಯಿತು. ಅವಳು ನೆಲಕ್ಕೆ ಕುಸಿದು ಚಂಪಾಳ ತಲೆಯನ್ನು ತಾನೇ ಎತ್ತಿ ಹಿಡಿದಳು. "ಹಾಕ್ರಿ. ಏನು ಹಾಕ್ತೀರಿ ಹಾಕ್ರಿ."

ನೀರು ಕುಡಿಸುವಂತಿರಲಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತಿತ್ತು. ಮೆಹರ್ ಸಕ್ಕರೆಯನ್ನು ನಾಲ್ಕು ಹನಿ ನೀರಿನಲ್ಲಿ ಕಲಸಿದಳು, ಬೆರಳಿನಿಂದ ತೆಗೆದು ಹುಡುಗಿಯ ಕೆನ್ನೆಯ ಒಳಭಾಗಕ್ಕೆ, ಒಸಡಿಗೆ ಸವರಿದಳು. ಮತ್ತೆ ಸವರಿದಳು. ಹುಡುಗಿಯ ಹಲ್ಲು ನಟ್ಟು ಬೆರಳಿನಿಂದ ರಕ್ತ ಬಂದರೂ ನಿಲ್ಲಿಸಲಿಲ್ಲ. ಓಣಿಯಲ್ಲಿ ಸುದ್ದಿ ಹರಡಿ ಅಕ್ಕಪಕ್ಕದ ಮಗ್ಗಗಳು ಒಂದೊಂದಾಗಿ ನಿಂತವು. ಆ ಓಣಿಯಲ್ಲಿ ಹಗಲು ಹೊತ್ತು ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಜನ ಬಾಗಿಲಲ್ಲಿ ಗುಂಪುಗೂಡಿದರು. ಯಾರೋ ಬೆಲ್ಲ ತಂದರು, ಯಾರೋ ಜೇನುತುಪ್ಪದ ಬಾಟಲಿ.

ಚಂಪಾ ಒಮ್ಮೆ ನುಂಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ನುಂಗಿದಳು. ತುಟಿಯ ಮೇಲೆ ನಾಲಗೆ ಆಡಿಸಿದಳು.

"ಸೀ ಐತಿ," ಎಂದಳು, ಕಣ್ಣು ತೆರೆಯದೆ.

ನೀಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಂಬುಲೆನ್ಸಿನ ಸದ್ದು ಓಣಿಯ ತುದಿಯಲ್ಲಿ ಕೇಳಿಸಿತು.

ಹದಿನೈದು ಯೂನಿಟ್ ಔಷಧಿ ಅಷ್ಟು ಬೇಗ ಬಿಡುವಂಥದಲ್ಲ. ಸಂಜೆಯವರೆಗೂ ಹುಡುಗಿಯ ರಕ್ತನಾಳಕ್ಕೆ ಗ್ಲೂಕೋಸ್ ಇಳಿಸುತ್ತಲೇ ಇರಬೇಕಾಯಿತು. ಮೇಲೇರಿದ ಅಂಕಿ ಎರಡು ಸಲ ಮತ್ತೆ ಕುಸಿಯಿತು. ಎರಡು ಸಲವೂ ನರ್ಸುಗಳು ಓಡಿಬಂದರು. ಸುದ್ದಿ ತಿಳಿದು ಬಂದ ಕಸ್ತೂರಿ ಮಗಳ ಕಾಲು ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ದೀಪ ಹಚ್ಚುವ ಹೊತ್ತಿಗೆ ಚಂಪಾ ಎದ್ದು ಕೂತು, ನನಗೆ ಯಾಕೆ ಇಷ್ಟೊಂದು ಸೂಜಿ ಚುಚ್ಚಿದ್ದಾರೆ ಎಂದು ಜಗಳ ತೆಗೆದಳು. ಉಳಿದ ಆರು ಜನರೂ ಬದುಕಿದರು.

ಸೋಮವಾರ ಕಂಪನಿಯಿಂದ ಪತ್ರ ಬಂತು. 'ಒಂದು ಕಂಪ್ಯೂಟರಿನಲ್ಲಿ ಅಂಕಿ ತೋರಿಕೆಯ ಸಣ್ಣ ದೋಷ. ಸರಿಪಡಿಸಲಾಗಿದೆ' ಎಂದಿತ್ತು ಅದರಲ್ಲಿ. ಕೆಳಗೆ ಪರಿಮಳಾಳ ಸಹಿಗೆ ಜಾಗ ಬಿಟ್ಟಿದ್ದರು. ಅವಳು ಅದನ್ನು ಡಾಕ್ಟರ್ ಕಟ್ಟಿಯವರ ಮೇಜಿನ ಮೇಲೆ ಇಟ್ಟು, "ಇದಕ್ಕ ನಾ ಸಹಿ ಹಾಕಂಗಿಲ್ಲ ಸರ್. ತೋರಿಕೆ ಅಂತ ನಾನೂ ಅಂದಿದ್ದೆ. ತೋರಿಕೆ ಅಲ್ಲ ಇದು," ಎಂದಳು.

ಡಾಕ್ಟರರು ಪತ್ರವನ್ನು ಎರಡು ಸಲ ಓದಿದರು. "ಹಾಕಬ್ಯಾಡ್ರಿ," ಎಂದರು. "ನೀವು ಏನು ನಡೀತು ಅಂತ ಬರೀರಿ. ಕೆಳಗ ನಾನೂ ಸಹಿ ಮಾಡ್ತೀನಿ. ಆ ತಂತ್ರಾಂಶ ಅವರು ಸರಿ ಮಾಡೂತನಕ ಕೈಯಿಂದ ಅಳತಿ ತಿದ್ದೂದು ಇಬ್ಬರು ಕೂತು ನೋಡಿದ ಮ್ಯಾಲೇ."

ಅಂದೇ ನೀಲವ್ವ ಕೇಂದ್ರಕ್ಕೆ ಬಂದಳು. ಯಾರನ್ನೂ ಕೇಳದೆ ಮೇಜುಗಳ ಸಾಲಿನಲ್ಲಿ ನಡೆದು ಮೆಹರಳ ಎದುರಿಗೆ ನಿಂತಳು. ಬಯ್ಯಲು ಬಂದಿದ್ದಾಳೆಂದು ಮೆಹರ್ ಎದ್ದು ತಲೆ ತಗ್ಗಿಸಿದಳು.

"ಕಾಳು ತೆಗಸೂದು ಅಂತ ನಾ ಅಂದೆ," ಎಂದಳು ನೀಲವ್ವ. "ನನ್ನ ಮಗಳು ಬ್ಯಾಡ ಅಂದ್ಲು. ಹುಡುಗಿನೂ ಬ್ಯಾಡ ಅಂದ್ಲು, ದಿನಾ ಸೂಜಿ ಒಲ್ಲೆ ಅಂತ ಅಳತಾಳ. ಇರ್ಲಿ. ಖರೆ, ನನಗ ಒಂದು ಮಾತು ಕೊಡು. ಇನ್ನ ಮ್ಯಾಲೆ ಆಕಿ ಅಳತಿ ಬದಲಿ ಮಾಡಿದ್ರ, ಕಳಸೂಕಿಂತ ಮೊದಲ ನನಗ ಫೋನ್ ಹಚ್ಚು. ಪಾಯಿಂಟು ಗೀಯಿಂಟು ಬ್ಯಾಡ, ಬಾಯಿಲೆ ಹೇಳು. ಮಗ್ಗ ನಿಲ್ಲಿಸಿ ಕೇಳ್ತೀನಿ."

"ಹೇಳ್ತೀನಿ ಅಜ್ಜಿ."

"ನಿನ್ನ ಬಳ್ಳು ಹೆಂಗೈತಿ?"

ಮೆಹರ್ ಪಟ್ಟಿ ಸುತ್ತಿದ ಬೆರಳನ್ನು ಬೆನ್ನ ಹಿಂದೆ ಸರಿಸಿದಳು. "ಏನಾಗಿಲ್ಲ ಬಿಡ್ರಿ."

ಬುಧವಾರ ಮಕ್ಕಳ ಡಾಕ್ಟರು ಚಂಪಾಳ ಅಳತೆಯನ್ನು ಮತ್ತೆ ಬರೆದು ಕಳಿಸಿದರು. ಪರಿಮಳಾ ಕುರ್ಚಿ ಎಳೆದುಕೊಂಡು ಏಳನೇ ಮೇಜಿನ ಪಕ್ಕ ಕೂತಳು. ಮೆಹರ್ ಅಂಕಿ ಒತ್ತಿದಳು. ಪರದೆಯ ಮೇಲೆ 1.5 ಎಂದು ಕಂಡಿತು. ಇಬ್ಬರೂ ನೋಡಿದರು. ಎಂಟನೇ ಮೇಜಿನಲ್ಲೂ ನೋಡಿ ಬಂದರು. ಆದರೂ ಮೆಹರಳ ಬೆರಳು ಕಳಿಸುವ ಗುಂಡಿಯ ಮೇಲೆ ಇಳಿಯಲಿಲ್ಲ. ಅವಳು ಫೋನ್ ಹಚ್ಚಿದಳು.

ಈ ಸಲ ಮೊದಲನೇ ರಿಂಗಿಗೇ ಎತ್ತಿದರು. ಎರಡು ಮಗ್ಗಗಳ ಅಬ್ಬರ ಕಿವಿಗೆ ಬಡಿಯಿತು. ಒಂದು ನಿಂತಿತು. ಇನ್ನೊಂದೂ ನಿಂತಿತು.

"ಅಜ್ಜಿ, ಒಂದೂವರಿ," ಎಂದಳು ಮೆಹರ್.

"ಒಂದೂವರಿ," ಎಂದಳು ನೀಲವ್ವ. "ಹೂಂ. ಕಳಸು."